ಸುಡದ ಕೈಗೆ ಕಟ್ಟಿದ ಬಟ್ಟೆ

ವಿದ್ಯಾರಣ್ಯಪುರಂನ ನಮ್ಮ ವಠಾರದಲ್ಲಿ ಹನ್ನೆರಡು ಮನೆ, ಎರಡು ನಲ್ಲಿ, ಒಂದು ಬಾವಿ. ಐದನೇ ಮನೆಯೊಂದನ್ನು ಬಿಟ್ಟರೆ ಉಳಿದ ಹನ್ನೊಂದು ಮನೆಯ ಉಪ್ಪಿನಕಾಯಿಗೂ ಒಂದೇ ಕೈ. ಅದು ಮಹದೇವಮ್ಮನ ಕೈ.

ಯಾಕೆ ಹೀಗೆ ಅಂತ ಕೇಳಬೇಡಿ, ನಿಮ್ಮ ಬೀದಿಯಲ್ಲೂ ಹೀಗೇ ಇದ್ದೀತು. ಮುಟ್ಟಾದವಳು ಉಪ್ಪಿನಕಾಯಿ ಜಾಡಿ ಮುಟ್ಟಬಾರದು, ಮುಟ್ಟಿದರೆ ಬೂಷ್ಟು ಹಿಡಿಯುತ್ತದೆ ಎಂದು ನಮಗೆಲ್ಲ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಹಾಗಾಗಿ ಮುಟ್ಟು ನಿಂತುಹೋದ ಹೆಂಗಸಿನ ಕೈಗೆ ಜಾಡಿ ಒಪ್ಪಿಸಿಬಿಟ್ಟರೆ ಯಾವ ಯೋಚನೆಯೂ ಇಲ್ಲ. ಮಹದೇವಮ್ಮನಿಗೆ ಐವತ್ತೊಂದನೇ ವಯಸ್ಸಿಗೆ ನಿಂತಿತು. ಅಲ್ಲಿಯವರೆಗೂ ಅವರು ರೈಲ್ವೆ ಕಾರ್ಖಾನೆಯ ಫಿಟ್ಟರ್ ಚಿಕ್ಕಣ್ಣನವರ ಹೆಂಡತಿ, ಅಷ್ಟೆ. ಆ ವರ್ಷದಿಂದ ಅಮಲ್ದಾರರಾದರು. ಮಾವಿನ ಮಿಡಿಯ ಕಾಲ ಬಂತೆಂದರೆ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂರುವರು. ನಾವೆಲ್ಲ ಮಿಡಿ, ಉಪ್ಪು, ಸಾಸಿವೆ ಹಿಡಿದು ಸಾಲಾಗಿ ನಿಲ್ಲಬೇಕು. ನಿನ್ನ ಸಾಸಿವೆ ಬಿಸಿಲು ಕಂಡಿಲ್ಲ, ನಿನ್ನ ಉಪ್ಪಿನಲ್ಲಿ ಕಲ್ಲಿದೆ ಎಂದು ಒಬ್ಬೊಬ್ಬರನ್ನೂ ವಾಪಸ್ಸು ಅಟ್ಟುವರು. ಹೈಸ್ಕೂಲು ಹೆಡ್‌ಮಾಸ್ಟರ ಹೆಂಡತಿ ರಮಾಮಣಿಯವರು ಮಡಿ ಮೈಲಿಗೆ ಎಂದು ಇಡೀ ವಠಾರವನ್ನು ಹೆದರಿಸುವವರು, ಅವರೂ ಮಹದೇವಮ್ಮನ ಮುಂದೆ ತೆಪ್ಪಗೆ ನಿಲ್ಲುತ್ತಿದ್ದರು.

ನಾನು ಮೂರನೇ ಮನೆಯ ವಸಂತಮ್ಮ. ವಠಾರದ ಮಹಿಳಾ ಸಮಾಜದ ಕಾರ್ಯದರ್ಶಿ. ಯಾರ ಮನೆಯಲ್ಲಿ ಏನು ನಡೆದರೂ ನನಗೆ ತಿಳಿದಿರಬೇಕು ಎನ್ನುವುದು ನನ್ನ ಕೆಟ್ಟ ಬುದ್ಧಿ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಕಾರ್ಯದರ್ಶಿ ಎಂದಮೇಲೆ ತಿಳಿದುಕೊಳ್ಳದೆ ಇರುವುದಾದರೂ ಹೇಗೆ?

ಹೋದ ವರ್ಷ, ಅಂದರೆ ಅರವತ್ತನಾಲ್ಕನೇ ಇಸವಿಯಲ್ಲಿ, ಮಿಡಿ ಬಂದ ಮೊದಲ ವಾರ ಮಹದೇವಮ್ಮ ಮೂರು ಮನೆಯ ಜಾಡಿ ಮುಗಿಸಿದರು. ನನ್ನದು, ರಮಾಮಣಿಯವರದು, ಮೂಲೆ ಮನೆಯವರದು. ಎರಡನೇ ವಾರ ಬಲಗೈಗೆ ದೊಡ್ಡದೊಂದು ಬಟ್ಟೆ ಸುತ್ತಿಕೊಂಡು ಹೊರಗೆ ಬಂದರು. ಅನ್ನ ಬಸಿಯುವಾಗ ಗಂಜಿ ಚೆಲ್ಲಿ ಸುಟ್ಟುಕೊಂಡೆ, ಈ ವರ್ಷ ನನ್ನ ಕೈಲಾಗದು, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ವಠಾರಕ್ಕೆ ಸಿಡಿಲು ಬಡಿದ ಹಾಗಾಯಿತು. ಎಂಟು ಮನೆಯ ಮಿಡಿ ಉಪ್ಪಿನಲ್ಲಿ ಮುದುರಿ ಕಾಯುತ್ತಿತ್ತು. ಆ ಕೈ ಬೇಗ ವಾಸಿಯಾಗಲಿ ಎಂದು ಎಲ್ಲರೂ ಔಷಧಿ ಹೊತ್ತುಕೊಂಡು ಹೊರಟೆವು. ರಮಾಮಣಿಯವರು ಜೇನುತುಪ್ಪ ಕಳಿಸಿದರು. ಮೂಲೆ ಮನೆಯವರು ಆಲೂಗಡ್ಡೆ ತುರಿದು ತಂದರು. ನಾನು ಯಜಮಾನರ ನೀಲಿ ಇಂಕಿನ ಬಾಟಲಿ ತೆಗೆದುಕೊಂಡು ಹೋದೆ, ಸುಟ್ಟ ಗಾಯಕ್ಕೆ ಇಂಕು ಹಾಕಿದರೆ ಬೊಬ್ಬೆ ಏಳುವುದಿಲ್ಲ ಎಂದು ನಮ್ಮ ತವರಿನಲ್ಲಿ ಹೇಳುತ್ತಿದ್ದರು. ನಾನೇ ಸುರಿಯುತ್ತೇನೆ ಕೈ ಕೊಡಿ ಅಕ್ಕ ಎಂದರೆ ಮಹದೇವಮ್ಮ ಬಾಗಿಲ ಹಿಂದಕ್ಕೆ ಸರಿದು ಎಡಗೈಯಲ್ಲಿ ಬಾಟಲಿ ಇಸಿದುಕೊಂಡರು. ಎಲ್ಲ ಔಷಧಿಯೂ ಅವರ ಗೂಡಿನಲ್ಲಿ ಹಾಗೇ ಸಾಲಾಗಿ ಕುಳಿತಿತ್ತು.

ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಒಂದು ದಿನ ಬೆಳಿಗ್ಗೆ ನೋಡುತ್ತೇನೆ, ಮಹದೇವಮ್ಮ ಎರಡೂ ಕೈಯಲ್ಲಿ ಹಗ್ಗ ಹಿಡಿದು ಬಾವಿಯಿಂದ ಜಗ್ಗಿ ಜಗ್ಗಿ ನೀರು ಸೇದುತ್ತಿದ್ದಾರೆ. ನನ್ನನ್ನು ಕಂಡದ್ದೇ ತಡ, ಅಯ್ಯೋ ಕೈ ಎಂದು ಹಗ್ಗ ಬಿಟ್ಟರು. ಬಿಂದಿಗೆ ಬಾವಿ ಪಾಲಾಯಿತು. ಪಾಪ, ಹಗ್ಗ ಕೂಡ ಹಿಡಿಯಲಾಗುತ್ತಿಲ್ಲ ಎಂದು ನಾನು ಮರುಗಿದೆ. ಅವತ್ತೇ ಸಂಜೆ ಐದನೇ ಮನೆಯ ನೀಲಮ್ಮನವರಿಗೆ ವರದಿ ಒಪ್ಪಿಸಿದೆ.

ನೀಲಮ್ಮನವರು ಹೆಂಗಸರ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷದಿಂದ ನರ್ಸು. ಅವರು ಲಿಂಗಾಯತರು, ಅವರಲ್ಲಿ ಮುಟ್ಟಿನ ಮೈಲಿಗೆ ಇಲ್ಲ. ರಜಾ ಸಿಕ್ಕಿದ ದಿನ ತಮ್ಮ ಉಪ್ಪಿನಕಾಯಿ ತಾವೇ ಹಾಕಿಕೊಳ್ಳುತ್ತಾರೆ, ಅದು ವರ್ಷವಿಡೀ ಕೆಡುವುದೂ ಇಲ್ಲ. ನಾವು ಅದನ್ನು ಚಪ್ಪರಿಸಿಕೊಂಡು ತಿಂದು, ಅವರ ಪದ್ಧತಿ ಬೇರೆ ಬಿಡಿ ಎಂದು ಕೈ ತೊಳೆದುಕೊಳ್ಳುತ್ತಿದ್ದೆವು.

ಡ್ಯೂಟಿ ಮುಗಿಸಿ ಬಂದವರು ಔಷಧದ ಪೆಟ್ಟಿಗೆ ತೆಗೆದುಕೊಂಡು ಸೀದಾ ಮಹದೇವಮ್ಮನ ಮನೆಗೆ ನಡೆದರು. ಹಿಂದೆ ನಾನೂ ಹೋದೆ. ಮಹದೇವಮ್ಮ ಬೇಡ ಬೇಡ ಎನ್ನುತ್ತಿದ್ದ ಹಾಗೆ ನೀಲಮ್ಮನವರು ಬಟ್ಟೆ ಬಿಚ್ಚಿದರು. ಮೇಲೆ ಚಿಕ್ಕಣ್ಣನವರ ಹಳೇ ಪಂಚೆ, ಅದರ ಕೆಳಗೆ ಟವೆಲ್ಲು, ಅದರ ಕೆಳಗೆ ಒಂದು ಕರವಸ್ತ್ರ. ಅದರ ಕೆಳಗೆ ಕೈ. ಸುಟ್ಟ ಗುರುತು ಹಾಗಿರಲಿ, ಒಂದು ಗೀರು ಕೂಡ ಇರಲಿಲ್ಲ. ಎಂಟು ದಿನ ಗಾಳಿ ಕಾಣದೆ ಬೆಳ್ಳಗೆ ಮೆತ್ತಗಾಗಿತ್ತು.

ನೀಲಮ್ಮನವರು ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಗೂಡಿನಲ್ಲಿದ್ದ ಇಂಕಿನ ಬಾಟಲಿ ನೋಡಿ, ಸುಟ್ಟರೆ ತಣ್ಣೀರು ಹಾಕಬೇಕು, ಇಂಕಲ್ಲ ಎಂದು ನನ್ನನ್ನು ಗದರಿದರು. ಕೊನೆಗೆ ಮೆಲ್ಲಗೆ, ಏನಾಗಿದೆ ಹೇಳಿ ಎಂದರು.

ಮಹದೇವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

"ನಿಂತು ಮೂರು ವರ್ಷ ಆಗಿತ್ತು ಕಣಮ್ಮ. ಮತ್ತೆ ಬಂದ್ಬುಟ್ಟಿದೆ. ಶಿವರಾತ್ರೀಲಿ ಒಂದ್ಸಲ ಕಾಣಿಸ್ಕೊಂಡಿತ್ತು, ಉಷ್ಣ ಅಂತ ಸುಮ್ಕಾದೆ. ಮೊನ್ನೆ ಮೂರು ಮನೆ ಜಾಡಿಗೆ ಕೈ ಹಾಕಿದ್ನಲ್ಲ, ಅದರ ಮಾರನೇ ದಿನಾನೇ ಮತ್ತೆ ಬಂತು. ಇನ್ನೂ ನಿಂತಿಲ್ಲ. ಆ ಜಾಡಿ ಕೆಟ್ಟೋದ್ರೆ ಈ ವಠಾರದಲ್ಲಿ ನಾನು ಎಂಗೆ ಮುಖ ಎತ್ಕೊಂಡು ಓಡಾಡ್ಲಿ?"

ನನ್ನ ಮನಸ್ಸಿಗೆ ಮೊದಲು ಬಂದದ್ದು ನನ್ನ ಜಾಡಿ. ನಾಚಿಕೆಯಾಗುತ್ತದೆ, ಆದರೆ ಇಲ್ಲಿ ಸುಳ್ಳು ಬರೆಯಲಾರೆ.

ನೀಲಮ್ಮನವರಿಗೆ ಸಿಟ್ಟು ಬಂತು. "ಜಾಡಿ ಮನೆ ಹಾಳಾಗ್ಲಿ ಮಹದೇವಮ್ಮ. ನಿಮ್ಮ ಗತಿ ಏನು ಅಂತ ಯೋಚನೆ ಮಾಡಿದ್ದೀರಾ? ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದು ಮುಟ್ಟಲ್ಲ. ಒಂದೇ ಸಲ ಕಂಡರೂ ತೋರಿಸಬೇಕು."

ಅಷ್ಟರಲ್ಲಿ ಬಾಗಿಲಲ್ಲಿ ತಿಮ್ಮಮ್ಮ ನಿಂತಿದ್ದರು. ಇವರು ಚಿಕ್ಕಣ್ಣನವರ ಅಕ್ಕ, ಹತ್ತಿರದ ಹಳ್ಳಿ ಹಿನಕಲ್‌ನವರು. ನಾದಿನಿಯ ಕೈ ಸುಟ್ಟಿದೆ ಎಂದು ಕೇಳಿ ಒಂದು ಚೀಲ ಲೋಳೆಸರ ಹೊತ್ತುಕೊಂಡು ನಡೆದೇ ಬಂದಿದ್ದರು. ತಮ್ಮನ ಹೆಂಡತಿಯನ್ನೇ ಅವರು ನಾದಿನಿ ಎನ್ನುವುದು. ವಿಷಯ ಎಲ್ಲ ಕಿವಿಗೆ ಬಿದ್ದಿತ್ತು. ಅವರ ಮುಖ ಅರಳಿತು. ಐವತ್ನಾಲ್ಕಕ್ಕೆ ಮತ್ತೆ ಮುಟ್ಟಾಗಿದೆ ಎಂದರೆ ವಯಸ್ಸು ಹಿಂದಕ್ಕೆ ತಿರುಗಿದೆ ಎಂದು ಅರ್ಥ, ಇಂಥ ಅದೃಷ್ಟ ಎಷ್ಟು ಜನಕ್ಕೆ ಉಂಟು, ಇನ್ನು ನೋಡುತ್ತಿರಿ ಕೂದಲೂ ಕಪ್ಪಾಗುತ್ತದೆ ಎಂದು ಹೇಳಿ, ಮಹದೇವಮ್ಮನ ತಲೆ ಬಗ್ಗಿಸಿ ಬೈತಲೆ ಪರೀಕ್ಷೆಗೆ ನಿಂತರು. ಕೆಲಸದಿಂದ ಆಗ ತಾನೇ ಬಂದ ಚಿಕ್ಕಣ್ಣನವರು ಈ ಮಾತು ಕೇಳಿಸಿಕೊಂಡು ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಕ್ರಾಪು ಬಾಚಿಕೊಂಡು ಬಂದರು. ಯಾಕೆ ಎಂದು ಅವರಿಗೂ ಗೊತ್ತಿರಲಾರದು.

ನೀಲಮ್ಮನವರು ಎಲ್ಲರನ್ನೂ ಕೂರಿಸಿದರು. ಹೀಗೆ ರಕ್ತ ಕಾಣಿಸುವ ಹತ್ತು ಹೆಂಗಸರಲ್ಲಿ ಎಂಟೊಂಬತ್ತು ಜನಕ್ಕೆ ದೊಡ್ಡ ಕಾಯಿಲೆ ಏನೂ ಇರುವುದಿಲ್ಲ ಎಂದರು. ಆದರೆ ಆ ಉಳಿದ ಒಬ್ಬಿಬ್ಬರು ಯಾರು ಎನ್ನುವುದು ಮುಖ ನೋಡಿದರೆ ಗೊತ್ತಾಗುವುದಿಲ್ಲ. ಗರ್ಭಕೋಶದಲ್ಲಿ ಕ್ಯಾನ್ಸರ್ ಶುರುವಾದರೂ ಹೀಗೇ ಕಾಣಿಸಿಕೊಳ್ಳುತ್ತದೆ, ಮೊದಮೊದಲು ನೋವೂ ಇರುವುದಿಲ್ಲ. ಬೇಗ ಕಂಡುಹಿಡಿದರೆ ವಾಸಿ ಮಾಡಬಹುದು. ಅದಕ್ಕೆ ಗರ್ಭಕೋಶದ ಒಳಪದರದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು.

ಕ್ಯಾನ್ಸರ್ ಎಂಬ ಮಾತಿಗೆ ಮಹದೇವಮ್ಮನ ಅಳು ನಿಂತೇ ಹೋಗಿತ್ತು, ಕಣ್ಣು ಮಾತ್ರ ಅಗಲವಾಗಿತ್ತು. ಚೂರು ತೆಗೆಯುವುದು ಎಂದ ಕೂಡಲೇ, ಹೊಟ್ಟೆ ಕುಯ್ಯುತ್ತಾರಾ ಎಂದು ಕೇಳಿದರು.

ನೀಲಮ್ಮನವರು ಎದ್ದು ಅಟ್ಟದ ಕೆಳಗಿದ್ದ ಸಣ್ಣ ಬಾಯಿಯ ಜಾಡಿ ತಂದು ಅವರ ಮುಂದಿಟ್ಟರು.

"ಇದರ ತಳದಲ್ಲಿರೋ ಉಪ್ಪಿನಕಾಯಿ ಚೆನ್ನಾಗಿದೆಯೋ ಕೆಟ್ಟಿದೆಯೋ ಅಂತ ಹೇಗೆ ನೋಡ್ತೀರಿ?"

"ಉದ್ದನೆ ಚಮಚ ಬಿಟ್ಟು ಒಂದ್ಚೂರು ತೆಗ್ದು ನೋಡ್ತೀನಿ."

"ಜಾಡಿ ಒಡೀತೀರಾ?"

"ಜಾಡಿ ಯಾಕಮ್ಮ ಒಡೀಲಿ, ಬಾಯಿ ಇಲ್ವಾ ಅದಕ್ಕೆ?"

"ಡಾಕ್ಟರಮ್ಮನೂ ಅಷ್ಟೇ ಮಾಡೋದು. ಕುಯ್ಯಲ್ಲ, ಹೊಲಿಗೆ ಹಾಕಲ್ಲ. ಮಗು ಬರೋ ದಾರೀಲೇ ಒಂದು ಸಣ್ಣ ಕೊಳವೆ ಬಿಟ್ಟು, ಕಡ್ಲೆಕಾಳಿನಷ್ಟು ತೆಗೀತಾರೆ. ಅವತ್ತೇ ಮನೆಗೆ ನಡ್ಕೊಂಡು ಬರ್ತೀರಿ."

ಮಹದೇವಮ್ಮ ಜಾಡಿಯನ್ನೇ ನೋಡುತ್ತ ಕುಳಿತರು. ಆಗ ಮಹದೇವಮ್ಮನ ಪರವಾಗಿ ನಾನು ಪ್ರಶ್ನೆ ಕೇಳಲು ಶುರುಮಾಡಿದೆ. ಯಾರಾದರೂ ಕೇಳಬೇಕಲ್ಲ? ನೋಯುತ್ತದೆಯೇ ಎಂದೆ. ನೋಯುತ್ತದೆ, ಸುಳ್ಳು ಹೇಳುವುದಿಲ್ಲ ಎಂದರು ನೀಲಮ್ಮನವರು; ಮುಟ್ಟಿನ ಮೊದಲ ದಿನದ ಹೊಟ್ಟೆನೋವಿನ ಹಾಗೆ ಜೋರಾಗಿ ಹಿಂಡುತ್ತದೆ, ಆದರೆ ಒಂದೆರಡು ನಿಮಿಷ, ಉಸಿರು ನೀಳವಾಗಿ ಬಿಡುತ್ತಿದ್ದರೆ ತಡೆಯಬಹುದು. ಎಷ್ಟು ಹೊತ್ತು ಎಂದೆ. ಮಲಗಿ ಏಳುವುದರೊಳಗೆ ಹತ್ತು ಹದಿನೈದು ನಿಮಿಷ ಎಂದರು. ಒಂದೇ ಸಲಕ್ಕೆ ಮುಗಿಯುತ್ತದೆಯೇ ಎಂದೆ. ಸಾಮಾನ್ಯವಾಗಿ ಮುಗಿಯುತ್ತದೆ, ಸಿಕ್ಕಿದ ಚೂರು ಸಾಲದೇ ಬಂದರೆ ಇನ್ನೊಂದು ದಿನ ಮತ್ತು ಬರುವ ಔಷಧಿ ಕೊಟ್ಟು ಮಲಗಿಸಿ ತೆಗೆಯಬೇಕಾಗಬಹುದು ಎಂದರು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಒಂದೊಂದು ಸಲ ಹದಿನೈದು ಇಪ್ಪತ್ತು ದಿನ ಹೋಗುತ್ತಲೇ ಇದ್ದರೂ ಇದೇ ಪರೀಕ್ಷೆಯೇ ಎಂದೆ.

ನೀಲಮ್ಮನವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮಹದೇವಮ್ಮನಿಗೆ ಆ ತೊಂದರೆ ಇಲ್ಲವಲ್ಲ ಎಂದರು. ಸುಮ್ಮನೆ ಕೇಳಿದೆ ಎಂದೆ. ಹೌದು, ಆಗಲೂ ತೋರಿಸಬೇಕು ಎಂದು ಹೇಳಿ ಇನ್ನೂ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದರು. ನಾನು ಜಾಡಿಯ ಮುಚ್ಚಳ ಒರೆಸತೊಡಗಿದೆ.

ತಿಮ್ಮಮ್ಮ ಬಿಡುವ ಆಸಾಮಿಯಲ್ಲ. ಗರ್ಭಕೋಶ ಕೆರೆದರೆ ಸೊಂಟದ ಬಲ ಹೋಗುತ್ತದೆ, ಆಮೇಲೆ ಹೆಂಗಸು ಒಂದು ಕೊಡ ನೀರು ಎತ್ತಲಾರಳು ಎಂದರು. ನಮ್ಮ ಚಿಕ್ಕವ್ವನ ಮಗಳು ನಿಂಗಿ ಇದೇ ಕಾಯಿಲೆಗೆ ಆಸ್ಪತ್ರೆಗೆ ಹೋದವಳು ವಾಪಸ್ಸು ಬರಲಿಲ್ಲ, ಆಸ್ಪತ್ರೆಯವರೇ ಕೊಂದರು ಎಂದರು.

ಅವಳಿಗೆ ರಕ್ತ ಕಾಣಿಸಿದ್ದು ಯಾವಾಗ, ಆಸ್ಪತ್ರೆಗೆ ಹೋದದ್ದು ಯಾವಾಗ ಎಂದು ನೀಲಮ್ಮನವರು ಕೇಳಿದರು. ತಿಮ್ಮಮ್ಮ ಬೆರಳು ಮಡಿಸಿದರು. ಕಾಣಿಸಿದ್ದು ಅವಳ ಮಗನ ಮದುವೆ ವರ್ಷ. ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದದ್ದು ಮೊಮ್ಮಗಳು ನಡೆಯಲು ಕಲಿತ ಮೇಲೆ.

"ಹಾಗಾದ್ರೆ ಹೇಳಿ ತಿಮ್ಮಮ್ಮ. ಅವರು ಆಸ್ಪತ್ರೆಗೆ ಬಂದಿದ್ದಕ್ಕೆ ಹೋದ್ರಾ, ಅಷ್ಟು ದಿನ ಬರದೇ ಇದ್ದಿದ್ದಕ್ಕೆ ಹೋದ್ರಾ?"

ತಿಮ್ಮಮ್ಮ ಲೋಳೆಸರದ ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ಅವ್ಳು ನಂಗೆ ಮೊದ್ಲೇ ಯೋಳಿದ್ಲು ಕಣವ್ವ," ಎಂದರು. "ವಯಸ್ಸು ತಿರುಗೈತೆ ಬುಡು ಅಂತ ಅವ್ಳಿಗೂ ನಾನೇ ಅಂದಿದ್ದೆ." ಸೆರಗಿನಲ್ಲಿ ಮೂಗು ಒರೆಸಿಕೊಂಡು ಎದ್ದರು. "ನಾಳೀಕೆ ಓಗದಾದ್ರೆ ನಾನೂ ಬತ್ತೀನಿ."

ಮರುದಿನ ಬೆಳಿಗ್ಗೆ ಒಂದು ಜಟಕಾದಲ್ಲಿ ನಾವು ನಾಲ್ವರು ಹೊರಟೆವು. ನೀಲಮ್ಮನವರು ಡ್ಯೂಟಿಗೆ ಮುಂದಾಗಿಯೇ ಹೋಗಿದ್ದರು. ಮಹದೇವಮ್ಮ, ತಿಮ್ಮಮ್ಮ, ನಾನು ಹಿಂದೆ. ಚಿಕ್ಕಣ್ಣನವರು ಮುಂದೆ, ಕುದುರೆಯ ಬಾಲ ನೋಡಿಕೊಂಡು. ಗರ್ಭಕೋಶ ಎಂಬ ಮಾತು ಆ ಮನುಷ್ಯನ ಬಾಯಲ್ಲಿ ಹೊರಡುತ್ತಲೇ ಇರಲಿಲ್ಲ. ಹಿಂದಿನ ಸಂಜೆಯಿಂದಲೂ 'ಆ ವಿಷಯ' ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಗುಮಾಸ್ತರು ಏನು ತೊಂದರೆ ಎಂದು ಕೇಳಿದರು. ಆ ವಿಷಯ ಸ್ವಾಮಿ ಎಂದರು ಚಿಕ್ಕಣ್ಣನವರು. ಯಾವ ವಿಷಯ ಎಂದರು ಗುಮಾಸ್ತರು. ಹೆಂಗಸರ ವಿಷಯ ಎಂದರು ಇವರು. ಇಲ್ಲಿ ಬರುವವರೆಲ್ಲ ಹೆಂಗಸರೇ ಎಂದರು ಅವರು. ಸಾಲು ಬಾಗಿಲು ದಾಟಿ ಬೆಳೆಯುತ್ತಿತ್ತು. ಮಹದೇವಮ್ಮ ಗಂಡನನ್ನು ಪಕ್ಕಕ್ಕೆ ಸರಿಸಿ, ಮುಟ್ಟು ನಿಂತು ಮೂರು ವರ್ಷವಾದ ಮೇಲೆ ರಕ್ತ ಹೋಗುತ್ತಿದೆ, ಎರಡು ಸಲ ಆಯಿತು, ಬರೆದುಕೊಳ್ಳಿ ಎಂದು ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಹೇಳಿದರು. ಎಂಟು ದಿನ ಮೂರು ಸುತ್ತು ಬಟ್ಟೆಯಲ್ಲಿ ಮುಚ್ಚಿಟ್ಟಿದ್ದ ಗುಟ್ಟು ಅರ್ಧ ನಿಮಿಷದಲ್ಲಿ ಚೀಟಿಯ ಮೇಲೆ ಬಂತು. ಯಾರೂ ನಗಲಿಲ್ಲ. ಗುಮಾಸ್ತರು ತಲೆಯೂ ಎತ್ತಲಿಲ್ಲ.

ಡಾಕ್ಟರಮ್ಮ ಮೊದಲು ಬಹಳ ಪ್ರಶ್ನೆ ಕೇಳಿದರು. ರಕ್ತದೊತ್ತಡ ಇದೆಯೇ, ಸಕ್ಕರೆ ಕಾಯಿಲೆ ಇದೆಯೇ, ಯಾವುದಾದರೂ ಮಾತ್ರೆ ನುಂಗುತ್ತೀರಾ, ಯಾವುದಾದರೂ ಔಷಧಿ ಮೈಗೆ ಒಗ್ಗುವುದಿಲ್ಲವೇ, ಜ್ವರ ಇದೆಯೇ. ಕಿರಿಯ ಹೆಂಗಸರಾದರೆ ಬಸುರಿ ಇರಬಹುದೇ ಎಂದೂ ಕೇಳುತ್ತಾರಂತೆ, ಏಕೆಂದರೆ ಬಸುರಿಗೆ ಈ ಪರೀಕ್ಷೆ ಮಾಡುವ ಹಾಗಿಲ್ಲ. ಮೂತ್ರ ಮಾಡಿ ಬರಲು ಹೇಳಿದರು. ಆಮೇಲೆ ಮಹದೇವಮ್ಮನನ್ನು ಪರದೆಯ ಹಿಂದೆ ಕರೆದುಕೊಂಡು ಹೋದರು. ತಿಮ್ಮಮ್ಮ, ನಾನು ಇತ್ತ ಕಡೆ ಬೆಂಚಿನ ಮೇಲೆ ಕುಳಿತೆವು. ತಿಮ್ಮಮ್ಮ ಚೀರಾಟ ಕೇಳಲು ಸಿದ್ಧವಾಗಿ ನನ್ನ ಕೈ ಹಿಡಿದುಕೊಂಡರು.

ಕೇಳಿದ್ದು ಉಪ್ಪಿನಕಾಯಿ.

ನೀಲಮ್ಮನವರು ಒಳಗೇ ಇದ್ದರು. ಮನಸ್ಸು ಬೇರೆ ಕಡೆ ಇರಲಿ ಎಂದು, ಮಿಡಿ ಉಪ್ಪಿನಕಾಯಿ ಹಾಕುವುದನ್ನು ಡಾಕ್ಟರಮ್ಮನಿಗೆ ಹೇಳಿಕೊಡಿ ಎಂದಿದ್ದರು. ಇನ್ನು ಕೇಳಬೇಕೆ? ಬೆನ್ನ ಮೇಲೆ ಮಲಗಿ, ಮಂಡಿ ಮೇಲೆತ್ತಿ ಕಾಲು ಅಗಲಿಸಿದ ಹೆಂಗಸು ಮಿಡಿಯ ತೊಟ್ಟು ಎಷ್ಟು ಬಿಡಬೇಕು ಎನ್ನುವುದರಿಂದ ಶುರುಮಾಡಿದರು. ಒಳಗೆ ನೋಡಲು ಒಂದು ಉಪಕರಣ ಇಡುತ್ತೇನೆ, ತಣ್ಣಗಿರುತ್ತದೆ, ಮೈ ಸಡಿಲ ಬಿಡಿ ಎಂದರು ಡಾಕ್ಟರಮ್ಮ. ಆಗ ಮಹದೇವಮ್ಮ ಮಿಡಿ ಒರೆಸುತ್ತಿದ್ದರು. ಈಗ ಔಷಧಿ ನೀರಲ್ಲಿ ತೊಳೆಯುತ್ತೇನೆ ಎಂದಾಗ ಉಪ್ಪು ಹಾಕಿ ಮುಗಿದಿತ್ತು. ಈಗ ಸ್ವಲ್ಪ ಹಿಂಡುತ್ತದೆ ಎಂದರು. "ಮೆಣಸಿನಕಾಯಿ ಜೊತೆ ಸಾಸಿವೆ..." ಎಂದು ಮಹದೇವಮ್ಮನ ಮಾತು ನಿಂತಿತು. ಅವ್ವಾ ಎಂದು ಒಂದು ಸಲ ನರಳಿದರು. ಉಸಿರು ಬಿಡಿ, ಬಿಡುತ್ತಾ ಇರಿ ಎಂದು ನೀಲಮ್ಮನವರ ದನಿ ಕೇಳಿತು. ತಿಮ್ಮಮ್ಮ ನನ್ನ ಬೆರಳು ಮುರಿಯುವುದೊಂದು ಬಾಕಿ. ಸ್ವಲ್ಪ ಹೊತ್ತಿನ ಮೇಲೆ "...ಸಾಸಿವೆ ನುಣ್ಣಗೆ ರುಬ್ಬಿಕೋಬೇಕು" ಎಂದು ದನಿ ಮತ್ತೆ ಹೊರಟಿತು. ಮುಗಿಯಿತು ಎಂದರು ಡಾಕ್ಟರಮ್ಮ. ಇನ್ನೂ ಇಂಗು ಹಾಕಿಲ್ಲವಲ್ಲ ಎಂದರು ಮಹದೇವಮ್ಮ.

ತೆಗೆದ ಚೂರನ್ನು ನೋಡಬೇಕೆಂದು ಅವರು ಹಟ ಹಿಡಿದರಂತೆ. ಪುಟ್ಟ ಸೀಸೆಯಲ್ಲಿ ಔಷಧಿಯ ನೀರಿನೊಳಗೆ ಎರಡು ಮೂರು ಸಣ್ಣ ಚೂರು. ಇಷ್ಟೇನಾ, ಇಷ್ಟಕ್ಕಾ ನಾನು ಎಂಟು ದಿನ ಕೈ ಕಟ್ಟಿಕೊಂಡು ಕೂತಿದ್ದು ಎಂದರಂತೆ. ಆಮೇಲೆ ಸೀಸೆಯ ಮುಚ್ಚಳ ಬಿಗಿಯಾಗಿದೆಯೇ ಎಂದು ತಾವೇ ಮುಟ್ಟಿ ನೋಡಿ, ನನ್ನ ಹೆಸರು ಸರಿಯಾಗಿ ಬರೆದಿದ್ದೀರಾ, ಜಾಡಿ ಅದಲು ಬದಲಾದರೆ ಬಹಳ ರಂಪವಾಗುತ್ತದೆ ಎಂದು ಹೇಳಿ ಓದಿಸಿಕೊಂಡರಂತೆ. ಇದು ನಗುವ ಮಾತಲ್ಲ, ನೀವೂ ಓದಿಸಿಕೊಳ್ಳಿ.

ಅರ್ಧ ಗಂಟೆ ಮಲಗಿಸಿ ಕಳಿಸಿದರು. ಎದ್ದಾಗ ಸ್ವಲ್ಪ ತಲೆ ಸುತ್ತಿತು, ಕಾಫಿ ಕುಡಿದ ಮೇಲೆ ಸರಿಹೋಯಿತು. ಎರಡು ಮೂರು ದಿನ ಅಲ್ಪಸ್ವಲ್ಪ ರಕ್ತ ಹೋಗುತ್ತದೆ, ಹೆದರಬೇಡಿ, ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ ಇಟ್ಟುಕೊಳ್ಳಿ ಎಂದರು ನೀಲಮ್ಮನವರು. ಜ್ವರ ಬಂದರೆ, ರಕ್ತ ಜಾಸ್ತಿ ಹೋದರೆ, ಕೆಟ್ಟ ವಾಸನೆ ಬಂದರೆ, ಹೊಟ್ಟೆನೋವು ಹೆಚ್ಚುತ್ತಲೇ ಹೋದರೆ ಕೂಡಲೇ ವಾಪಸ್ಸು ಬನ್ನಿ ಎಂದರು. ಕೆಲವು ದಿನ ಗಂಡಹೆಂಡಿರು ಸೇರಬಾರದು ಎಂದು ಚಿಕ್ಕಣ್ಣನವರಿಗೆ ಹೇಳಲು ತಿರುಗಿದರೆ, ಅವರು ಆಗಲೇ ಬೀದಿಯಲ್ಲಿ ಜಟಕಾದ ಚಕ್ರ ಸರಿಯಾಗಿದೆಯೇ ಎಂದು ನೋಡುತ್ತಿದ್ದರು.

ಫಲಿತಾಂಶಕ್ಕೆ ಹತ್ತು ದಿನ. ಪರೀಕ್ಷೆಗಿಂತ ಆ ಹತ್ತು ದಿನವೇ ಕಷ್ಟವಾಯಿತು. ಸೊಂಟದ ಬಲ ಎಲ್ಲಿಗೂ ಹೋಗಿರಲಿಲ್ಲ. ಮಹದೇವಮ್ಮ ಮನೆಯಲ್ಲಿದ್ದ ಹಿತ್ತಾಳೆಯನ್ನೆಲ್ಲ ಮೂರು ಸಲ ತಿಕ್ಕಿದರು. ಚಿಕ್ಕಣ್ಣನವರು ಕೆಲಸ ಬಿಟ್ಟ ಕೂಡಲೇ ಎಲ್ಲೂ ನಿಲ್ಲದೆ ಮನೆಗೆ ಬಂದು, ಹೆಂಡತಿ ಎಲ್ಲಿ ಕೂತಿದ್ದರೆ ಅಲ್ಲೇ ಒಂದು ಮೊಳ ದೂರದಲ್ಲಿ ಕೂರುತ್ತಿದ್ದರು. ಒಂದು ಸಂಜೆ ಮಹದೇವಮ್ಮ ಬಾವಿಕಟ್ಟೆಯ ಹತ್ತಿರ ನನಗೆ ಹೇಳಿದರು: "ಹೆದರಿಕೆ ಆಯ್ತದೆ ವಸಂತಮ್ಮ. ಇಷ್ಟು ದಿನ ಜಾಡಿಗೆ ಹೆದರ್ಕೊಂಡಿದ್ದೆ. ಈಗ ನನಗೋಸ್ಕರ ಹೆದರ್ತಾ ಇದೀನಿ." ಅದೇ ಹೆದರಿಕೆ ನನಗೂ ಇತ್ತು, ಬಿಂದಿಗೆ ಎತ್ತಿಕೊಂಡು ಮನೆಗೆ ನಡೆದೆ.

ಹನ್ನೊಂದನೇ ದಿನ ಡಾಕ್ಟರಮ್ಮ ಕಾಗದ ಓದಿ ಹೇಳಿದರು. ಕ್ಯಾನ್ಸರ್ ಅಲ್ಲ. ಆದರೆ ಒಳಪದರ ಬೆಳೆಯಬೇಕಾದ್ದಕ್ಕಿಂತ ದಪ್ಪಗೆ ಬೆಳೆದಿದೆ, ಬೆಳೆದ ರೀತಿಯೂ ಸರಿಯಿಲ್ಲ. ಇನ್ನೊಂದೆರಡು ವರ್ಷ ಹೀಗೇ ಮುಚ್ಚಿಟ್ಟುಕೊಂಡಿದ್ದರೆ ಅದೇ ಆಗಿಬಿಡಬಹುದಿತ್ತು. ಈ ವಯಸ್ಸಿನಲ್ಲಿ ಗರ್ಭಕೋಶ ತೆಗೆಸಿಕೊಳ್ಳುವುದೇ ಕ್ಷೇಮ ಎಂದರು. ಮಹದೇವಮ್ಮ ಗಂಡನ ಮುಖ ನೋಡಿದರು. ಚಿಕ್ಕಣ್ಣನವರು ಗಂಟಲು ಸರಿಮಾಡಿಕೊಂಡು, ಜೀವಮಾನದಲ್ಲಿ ಮೊದಲ ಸಲ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ, "ಗರ್ಭಕೋಶ ಹೋದ್ರೆ ಹೋಗ್ಲಿ ಡಾಕ್ಟ್ರಮ್ಮ, ಇವಳು ಇರ್ಬೇಕು" ಎಂದರು.

ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಜುಲೈ ಹೊತ್ತಿಗೆ ಮಹದೇವಮ್ಮ ಅಂಗಳದಲ್ಲಿ ಮಣೆ ಹಾಕಿಕೊಂಡು ಕೂರುವ ಹಾಗಾದರು. ಕೂತವರು ಹನ್ನೊಂದು ಮನೆಯವರನ್ನೂ ಜಾಡಿ ಸಮೇತ ಕರೆಸಿದರು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ನನ್ನಿಂದ ನಿಮ್ಮ ಉಪ್ಪಿನಕಾಯಿ ಕೆಟ್ಟಿದ್ದರೆ ಎಲ್ಲರ ಮುಂದೆ ಹೇಳಿ, ಬೇರೆ ಹಾಕಿಕೊಡುತ್ತೇನೆ ಎಂದರು. ರಮಾಮಣಿಯವರ ಮುಖ ಕೆಂಪಾಯಿತು. ಮಾರ್ಚಿಯಿಂದ ಆ ಜಾಡಿಯಿಂದಲೇ ದಿನಾ ಎರಡು ಹೊತ್ತು ಬಡಿಸಿಕೊಂಡು ತಿಂದಿದ್ದರು, ದೇವರ ನೈವೇದ್ಯದ ಮೊಸರನ್ನಕ್ಕೂ ಅದೇ ಆಗಿತ್ತು.

ಮೂರು ಜಾಡಿಯನ್ನೂ ಬಿಚ್ಚಿದೆವು. ಬೂಷ್ಟು ಹಾಗಿರಲಿ, ಹಾಕಿದ ದಿನದ ಹಾಗೇ ಘಮ್ಮೆನ್ನುತ್ತಿತ್ತು. ಉಳಿದ ಎಂಟು ಮನೆಯ ಜಾಡಿ ಹಾಕಿದ್ದವರು ತಿಮ್ಮಮ್ಮ. ಅವರಿಗೆ ಅರವತ್ತಮೂರು, ಮುಟ್ಟು ನಿಂತು ಹದಿನೈದು ವರ್ಷವಾಗಿತ್ತು. ಅದರಲ್ಲಿ ಎರಡು ಜಾಡಿಯ ಮೇಲೆ ಬೆರಳು ದಪ್ಪ ಬೂಷ್ಟು. ಎಲ್ಲರೂ ತಿಮ್ಮಮ್ಮನ ಕಡೆ ತಿರುಗಿದರು. ತಿಮ್ಮಮ್ಮ ಆಕಾಶ ನೋಡಿದರು. ಸೌಟು ಒಂಚೂರು ಒದ್ದೆ ಇತ್ತು ಎಂದು ಕೊನೆಗೆ ಒಪ್ಪಿಕೊಂಡರು. ಬೂಷ್ಟು ಹಿಡಿಸುವುದು ನೀರು, ಹೆಂಗಸಲ್ಲ ಎಂದು ನೀಲಮ್ಮನವರು ಐದನೇ ಮನೆಯ ಬಾಗಿಲಿನಿಂದಲೇ ಹೇಳಿದರು.

ನಕ್ಕು ನಕ್ಕು ಎಲ್ಲರೂ ಜಾಡಿ ಎತ್ತಿಕೊಂಡು ಹೋದರು. ನಾನು ಹೋಗಲಿಲ್ಲ. ಜಾಡಿ ತಬ್ಬಿಕೊಂಡು ಅಲ್ಲೇ ನಿಂತಿದ್ದೆ. ಏನು ವಸಂತಮ್ಮ ಎಂದರು ಮಹದೇವಮ್ಮ.

"ಅಕ್ಕ, ಅವತ್ತು ನಾನು ಕೇಳಿದ ಪ್ರಶ್ನೆ ಎಲ್ಲ ನಿಮ್ಮ ಪರವಾಗಿ ಅಲ್ಲ. ನನಗೆ ಎಂಟು ತಿಂಗಳಿಂದ ಹೀಗಿದೆ. ಬಂದರೆ ಇಪ್ಪತ್ತು ದಿನ ನಿಲ್ಲೋದೇ ಇಲ್ಲ. ಯಾರಿಗೂ ಹೇಳಿಲ್ಲ."

ವಠಾರದ ಹನ್ನೊಂದು ಮನೆಯ ವಿಷಯ ಬಲ್ಲ ಕಾರ್ಯದರ್ಶಿ ತನ್ನ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ. ಬೈಯುತ್ತಾರೆ ಎಂದುಕೊಂಡೆ. ಮಹದೇವಮ್ಮ ನನ್ನ ಕೈಯಿಂದ ಜಾಡಿ ತೆಗೆದು ಕೆಳಗಿಟ್ಟು, ಅದೇ ಸುಡದ ಬಲಗೈಯಿಂದ ನನ್ನ ಕೈ ಹಿಡಿದುಕೊಂಡರು. "ನಾಳೆ ಏಳು ಗಂಟೆಗೆ ತಯಾರಾಗಿರು. ಇಂಕಿನ ಬಾಟಲಿ ಮನೇಲೇ ಬುಟ್ಟು ಬಾ" ಎಂದರು.

ನನ್ನ ಸರದಿಯಲ್ಲಿ ನನಗೆ ಉಪ್ಪಿನಕಾಯಿ ಹೇಳಲು ಬರಲಿಲ್ಲ, ನನ್ನ ಜಾಡಿಗೆ ನಾನು ಯಾವತ್ತೂ ಕೈ ಹಾಕಿದವಳಲ್ಲ. ಹದಿನೇಳರ ಮಗ್ಗಿ ಹೇಳಿದೆ. ಹದಿನೇಳು ಎಂಟಕ್ಕೆ ಹಿಂಡಿತು, ಹದಿನೇಳು ಹತ್ತಕ್ಕೆ ಮುಗಿಯಿತು. ಹತ್ತು ದಿನದ ಮೇಲೆ ಬಂದ ಕಾಗದದಲ್ಲಿ ದೊಡ್ಡದೇನೂ ಇರಲಿಲ್ಲ. ವಯಸ್ಸಿನ ಏರುಪೇರು ಎಂದು ಮಾತ್ರೆ ಕೊಟ್ಟರು. ಅವತ್ತು ರಾತ್ರಿ ಎಂಟು ತಿಂಗಳಿಂದ ಬಾರದಿದ್ದ ನಿದ್ದೆ ಬಂತು.

ಈಗ ಮತ್ತೆ ಮಿಡಿಯ ಕಾಲ. ನಮ್ಮ ವಠಾರದಲ್ಲಿ ಈ ಸಲ ಯಾರ ಜಾಡಿ ಅವರದೇ ಕೈ. ಮಹದೇವಮ್ಮ ಮಣೆಯ ಮೇಲೆ ಕೂತು ಸೌಟು ಒಣಗಿದೆಯೇ ಎಂದು ಮಾತ್ರ ನೋಡುತ್ತಾರೆ.

ಇದನ್ನು ಓದುತ್ತಿರುವ, ಓದಿಸಿಕೊಂಡು ಕೇಳುತ್ತಿರುವ ಅಕ್ಕ ತಂಗಿಯರೇ, ನಿಮ್ಮ ಮುಟ್ಟು ನಿಂತ ಮೇಲೆ ಒಂದು ತೊಟ್ಟು ಕಂಡರೂ, ನಿಲ್ಲುವ ಮುಂಚೆ ಲೆಕ್ಕ ತಪ್ಪಿ ಹೋಗುತ್ತಲೇ ಇದ್ದರೂ, ಕೈಗೆ ಬಟ್ಟೆ ಸುತ್ತಿಕೊಂಡು ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ನರ್ಸಮ್ಮನನ್ನು ಕೇಳಿ. ಹೇಳಿಕೊಳ್ಳಲು ನಾಚಿಕೆಯಾದರೆ ಪಕ್ಕದ ಮನೆಯವಳ ಪರವಾಗಿ ಕೇಳುತ್ತಿದ್ದೇನೆ ಎಂದೇ ಹೇಳಿ. ನಾನೂ ಹಾಗೇ ಹೇಳಿದ್ದೆ. ಅವರಿಗೆ ಗೊತ್ತಾಗುತ್ತದೆ, ಆದರೂ ಬೈಯುವುದಿಲ್ಲ.